ಮೂರು ಸಲ ತಿರುಗಿ ಬಂದ ಉತ್ತರ

ಇಂಥದ್ದೊಂದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಎರಡನೆಯ ಪ್ಯಾರಾ ಮುಟ್ಟುವ ಮೊದಲೇ ಪುಟ ಮಗುಚುತ್ತಿದ್ದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂಬಯಿಯ ಲೋಕಲ್ ರೈಲಿನಲ್ಲಿ, ಠಾಣೆಯಿಂದ ಡೊಂಬಿವಲಿಗೆ ಬರುವ ಲೇಡೀಸ್ ಡಬ್ಬಿಯಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. ಘಣಸೋಲಿಯ ಯಾವುದೋ ಸೆಕ್ಟರಿನಲ್ಲಿ ಖಾಲಿ ಬಿದ್ದ ಕಟ್ಟಡದ ಲಿಫ್ಟು ತಾನಾಗಿ ಏಳನೇ ಮಹಡಿಗೆ ಹೋಗಿ ಬಾಗಿಲು ತೆರೆಯುತ್ತದಂತೆ. ಯಾರದೋ ಅತ್ತೆ ಸತ್ತ ಮೇಲೂ ಅವಳ ನಂಬರಿನಿಂದ ಮಿಸ್ಡ್ ಕಾಲ್ ಬರುತ್ತದಂತೆ. ಲಿಫ್ಟಿನ ಸೆನ್ಸರ್ ಕೆಟ್ಟಿರಬೇಕು, ಆ ನಂಬರು ಬೇರೆಯವರಿಗೆ ಸಿಕ್ಕಿರಬೇಕು ಎಂದು ನಾನು ನಡುವೆ ಬಾಯಿ ಹಾಕುತ್ತಿದ್ದೆ. ಇವಳ ಎದುರಿಗೆ ಹೇಳಬೇಡಿ, ಕಥೆಯ ಮಜವೇ ಹೋಗುತ್ತದೆ ಎಂದು ಗೆಳತಿಯರು ನನ್ನನ್ನು ಕಿಟಕಿಯ ಕಡೆಗೆ ತಳ್ಳುತ್ತಿದ್ದರು. ಕಿಟಕಿ ಸಿಗುವುದಾದರೆ ನನಗೂ ಅದೇ ಬೇಕಿತ್ತು.

ನನ್ನ ಕೆಲಸವೂ ಈ ಸ್ವಭಾವಕ್ಕೆ ಒಗ್ಗುವಂಥದ್ದೇ. ಘಣಸೋಲಿಯಲ್ಲಿರುವ ನಮ್ಮದು ಸಣ್ಣ ಕಂಪನಿ. ಆಸ್ಪತ್ರೆಗಳಲ್ಲಿ ಸಲೈನ್ ಸ್ಟ್ಯಾಂಡಿಗೆ ಸಿಕ್ಕಿಸಿ, ಬಾಟಲಿಯಲ್ಲಿರುವ ಔಷಧವನ್ನು ಇಷ್ಟು ಹೊತ್ತಿಗೆ ಇಷ್ಟು ಎಂದು ಅಳೆದು ರೋಗಿಯ ಮೈಗೆ ಬಿಡುವ ಪಂಪುಗಳಿವೆಯಲ್ಲ, ಅವುಗಳಿಗೆ ಆಜ್ಞೆ ಬರೆಯುವುದಕ್ಕೆಂದೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆಯನ್ನು ನಮ್ಮವರು ಕಟ್ಟಿದ್ದಾರೆ. ಹೆಸರು ಥೇಂಬ್. ಮರಾಠಿಯಲ್ಲಿ ಥೇಂಬ್ ಎಂದರೆ ಹನಿ. ಆ ಭಾಷೆಯನ್ನು ಕಟ್ಟಿದವಳು ನಾನಲ್ಲ. ನಾನು ಅದನ್ನು ಪರೀಕ್ಷೆಗೆ ಕೂರಿಸುವವಳು.

ಪರೀಕ್ಷೆ ಎಂದರೆ ಶಾಲೆಯ ಪರೀಕ್ಷೆಯಂತೆಯೇ. ಒಂದು ಫೋಲ್ಡರಿನಲ್ಲಿ ಥೇಂಬ್ ಭಾಷೆಯಲ್ಲಿ ಬರೆದ ಮೂರು ಸಾವಿರದ ಹತ್ತಿರ ಚಿಕ್ಕ ಚಿಕ್ಕ ಪ್ರೋಗ್ರಾಮುಗಳಿವೆ. ಅವು ಪ್ರಶ್ನೆಗಳು. ಪ್ರತಿಯೊಂದರ ಪಕ್ಕದಲ್ಲಿ ಒಂದು ಉತ್ತರದ ಫೈಲು ಇದೆ. ಭಾಷೆಯಲ್ಲಿ ಯಾರು ಏನು ಬದಲಾಯಿಸಿದರೂ ಅಷ್ಟೂ ಪ್ರಶ್ನೆಗಳನ್ನು ಅದರ ಮುಂದಿಟ್ಟು, ಅದು ಕೊಡುವ ಉತ್ತರವನ್ನು ನಮ್ಮ ಉತ್ತರಕ್ಕೆ ತಾಳೆ ನೋಡುತ್ತೇವೆ. ತಾಳೆಯಾದರೆ ಹಸಿರು, ಇಲ್ಲದಿದ್ದರೆ ಕೆಂಪು. ಒಂದು ಸುತ್ತು ಮುಗಿಯಲು ಒಂಬತ್ತು ನಿಮಿಷ ಬೇಕು. ಒಂದೇ ಒಂದು ಕೆಂಪಿದ್ದರೂ ಹೊಸ ಆವೃತ್ತಿ ಆಸ್ಪತ್ರೆಗೆ ಹೋಗುವಂತಿಲ್ಲ.

ಈ ಪ್ರಶ್ನೆಗಳಿಗೆ ಹೆಸರಿಡುವುದಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಯಾವ ಊರಿನ ಯಾವ ಹಾಸಿಗೆಯಲ್ಲಿ ತಪ್ಪು ಕಂಡಿತೋ, ಆ ಹೆಸರನ್ನೇ ಪ್ರಶ್ನೆಗೂ ಇಡುತ್ತೇವೆ. ದಿವಾ-ಬೆಡ್-ಎರಡು, ಕಲ್ವಾ-ಬೆಡ್-ಒಂಬತ್ತು, ಹೀಗೆ. ತಪ್ಪನ್ನು ತಿದ್ದುವ ಮೊದಲು ಅದನ್ನು ಹಿಡಿಯುವ ಪ್ರಶ್ನೆಯನ್ನು ಬರೆಯಬೇಕು, ಅದು ಕೆಂಪಾಗುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ತಿದ್ದಿ ಹಸಿರು ಮಾಡಬೇಕು. ಒಮ್ಮೆ ಫೋಲ್ಡರಿಗೆ ಸೇರಿದ ಪ್ರಶ್ನೆಯನ್ನು ಯಾರೂ ತೆಗೆಯುವುದಿಲ್ಲ.

ಇನ್ನೊಂದು ಪದ್ಧತಿಯೂ ಇದೆ, ಅದು ಅಷ್ಟು ಒಳ್ಳೆಯದಲ್ಲ. ಕೆಲವೊಮ್ಮೆ ಭಾಷೆಯ ಉತ್ತರವೇ ಸರಿಯಾಗಿದ್ದು, ನಮ್ಮ ಫೈಲಿನ ಉತ್ತರ ಹಳತಾಗಿರುತ್ತದೆ. ಒಂದು ಪದದ ಬದಲು ಇನ್ನೊಂದು ಪದ ಬಂದಿರಬಹುದು, ಎಲ್ಲೋ ಒಂದು ಚುಕ್ಕಿ ಹೆಚ್ಚಾಗಿರಬಹುದು. ಆಗ ನೂರಾರು ಫೈಲುಗಳನ್ನು ಕೈಯಿಂದ ತಿದ್ದುತ್ತಾ ಕೂರುವ ಬದಲು ಒಂದೇ ಕಮಾಂಡ್ ಕೊಟ್ಟರೆ, ಭಾಷೆ ಈಗ ಹೇಳುತ್ತಿರುವುದೇ ಸರಿಯುತ್ತರವೆಂದು ಎಲ್ಲ ಫೈಲುಗಳಲ್ಲಿ ದಾಖಲಾಗುತ್ತದೆ. ಇದಕ್ಕೆ ಆಫೀಸಿನಲ್ಲಿ ಠಪ್ಪಾ ಹೊಡೆಯುವುದು, ಅಂದರೆ ಮೊಹರು ಒತ್ತುವುದು, ಎನ್ನುತ್ತೇವೆ. ಠಪ್ಪಾ ಹೊಡೆಯುವ ಮೊದಲು ಪ್ರತಿಯೊಂದು ಬದಲಾವಣೆಯನ್ನೂ ಓದಬೇಕೆಂಬುದು ನಿಯಮ. ಓದುತ್ತೇವೆಯೇ? ಮೊದಲ ಐದಾರನ್ನು ಓದುತ್ತೇವೆ. ಆಮೇಲೆ ಎಲ್ಲವೂ ಒಂದೇ ಥರ ಕಾಣಿಸತೊಡಗುತ್ತವೆ.

ಇದು ನಾಲ್ಕು ವರ್ಷದ ಹಿಂದಿನ ಮಾತು. ಕಲ್ಯಾಣದ ಒಂದು ಆಸ್ಪತ್ರೆ ನಮ್ಮ ಎಂಟು ಪಂಪುಗಳನ್ನು ತೆಗೆದುಕೊಂಡಿತ್ತು. ಒಂದೇ ಪಂಪಿನಲ್ಲಿ ಎರಡು ಔಷಧ, ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗಬೇಕೆಂದು ಅವರು ಕೇಳಿದ್ದರು. ಅದಕ್ಕೆ ಬೇಕಾದ ಬದಲಾವಣೆಯನ್ನು ಆ ಸಲ ಭಾಷೆಯೊಳಗೆ ನಾನೇ ಮಾಡಿದ್ದೆ. ಹೊಸದಾಗಿ ಅರವತ್ತು ಪ್ರಶ್ನೆಗಳನ್ನೂ ಬರೆದು ಸೇರಿಸಿದ್ದೆ. ಜೊತೆಗೆ, ಅವರದೇ ಕೋರಿಕೆಯಂತೆ, ಪಂಪು ತೋರಿಸುವ ಸಂಖ್ಯೆಗಳಲ್ಲಿ ಚುಕ್ಕಿಯ ನಂತರ ಒಂದು ಅಂಕಿಯ ಬದಲು ಎರಡು ಬರುವಂತೆ ಮಾಡಿದ್ದೆ. ಐಸಿಯುವಿನಲ್ಲಿ ಹಳೆಯ ಆವೃತ್ತಿಯೇ ಓಡುತ್ತಿತ್ತು. ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಫೀಲ್ಡ್ ಇಂಜಿನಿಯರ್ ಜಾಧವ್ ಅಲ್ಲಿಗೆ ಹೋಗಿ, ಒಂದೊಂದೇ ಪಂಪಿಗೆ ಹೊಸ ಆವೃತ್ತಿ ಹಾಕಿ, ರೋಗಿಗಳಿಗೆ ಜೋಡಿಸುವವರ ಕೈಗೆ ಕೊಡುವುದೆಂದು ನಿಗದಿಯಾಗಿತ್ತು. ಜಾಧವ್ ಐವತ್ತು ದಾಟಿದ ಮನುಷ್ಯ, ಕೊಟ್ಟ ಮಾತಿಗೆ ತಪ್ಪುವವರಲ್ಲ.

ಆ ಭಾನುವಾರ ಮೆಗಾಬ್ಲಾಕ್ ಇತ್ತು. ರೈಲು ಹಳಿಗಳ ದುರಸ್ತಿಯೆಂದು ಠಾಣೆ ಕಲ್ಯಾಣದ ನಡುವೆ ಅರ್ಧಕ್ಕರ್ಧ ಗಾಡಿಗಳು ರದ್ದು. ಗಂಡ ಮಗಳನ್ನು ಡ್ರಾಯಿಂಗ್ ಪರೀಕ್ಷೆಗೆಂದು ಠಾಣೆಗೆ ಕರೆದುಕೊಂಡು ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಮನೆಯಲ್ಲಿ ನಾನು ಮತ್ತು ಅಮ್ಮ. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಅಮ್ಮ ಎದುರಿಗೆ ಅಲಸಂದೆ ಸೋಸುತ್ತಿದ್ದಳು. ನನ್ನ ಮೇಲಿನ ಅಧಿಕಾರಿ ಶ್ರೀಕಂಠ ಸರ್ ಮೈಸೂರಿಗೆ ಹೋಗುವ ರೈಲಿನಲ್ಲಿದ್ದರು, ಫೋನ್ ಸಿಗುತ್ತಿರಲಿಲ್ಲ. ಆ ಫೋಲ್ಡರನ್ನು ಮುಟ್ಟುವ ಹಕ್ಕು ಇದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಎರಡೂವರೆಗೆ ಮೊದಲ ಸುತ್ತು ಓಡಿಸಿದೆ. ನನ್ನ ಹೊಸ ಅರವತ್ತೂ ಹಸಿರು. ಹಳೆಯವುಗಳಲ್ಲಿ ಮೂವತ್ತೆಂಟು ಕೆಂಪು. ಗಾಬರಿಯಾಗಲಿಲ್ಲ, ಅದು ನಿರೀಕ್ಷಿಸಿದ್ದೇ. ಸೊನ್ನೆ ಹೆಚ್ಚಾಗಿದೆಯಲ್ಲ. ಮೊದಲನೆಯದನ್ನು ತೆರೆದೆ: 12.0 ಇದ್ದದ್ದು 12.00 ಆಗಿದೆ. ಎರಡನೆಯದು, 3.5 ಇದ್ದದ್ದು 3.50. ಹೀಗೆ ಆರು ನೋಡಿದೆ. ಏಳನೆಯದಕ್ಕೆ ಬೆರಳು ಬೇಸತ್ತಿತು. ಠಪ್ಪಾ ಹೊಡೆದು, ಮೂವತ್ತೆಂಟನ್ನೂ ಒಪ್ಪಿಕೊಂಡೆನೆಂದು ನನ್ನ ಹೆಸರಿನಲ್ಲಿ ದಾಖಲೆಗೂ ಸೇರಿಸಿ, ಇನ್ನೊಂದು ಸುತ್ತು ಓಡಲು ಬಿಟ್ಟು ಚಹಾ ಇಡಲು ಎದ್ದೆ.

ಬಂದು ನೋಡಿದರೆ ಮೂವತ್ತೇಳು ಹಸಿರು, ಒಂದು ಕೆಂಪು. ಉಲ್ಹಾಸನಗರ-ಬೆಡ್-ಆರು. ಅದಕ್ಕೆ ಠಪ್ಪಾ ಸರಿಯಾಗಿ ಬಿದ್ದಿಲ್ಲ ಎಂದುಕೊಂಡೆ. ಕೆಂಪಿನ ಕೆಳಗೆ ಏನು ಬರೆದಿದೆ ಎಂದು ಓದಲೂ ಇಲ್ಲ. ಅದೊಂದಕ್ಕೆ ಮತ್ತೊಮ್ಮೆ ಠಪ್ಪಾ ಹೊಡೆದು ಮತ್ತೆ ಓಡಿಸಿದೆ. ಒಂಬತ್ತು ನಿಮಿಷ. ಮತ್ತೆ ಅದೇ ಒಂದು ಕೆಂಪು.

ಈ ಸಲ ಸಿಟ್ಟು ಬಂತು. ಲ್ಯಾಪ್‌ಟಾಪಿನಲ್ಲಿ ಫೈಲುಗಳ ನಕಲನ್ನು ತಾನಾಗಿ ಇಂಟರ್ನೆಟ್ಟಿಗೆ ಕಳಿಸಿ, ಬೇಕಾದಾಗ ಹಳೆಯದನ್ನು ತಂದು ಹಾಕುವ ವ್ಯವಸ್ಥೆಯೊಂದಿತ್ತು. ಅದೇ ನನ್ನ ಹೊಸ ಉತ್ತರವನ್ನು ಅಳಿಸಿ ಹಳೆಯದನ್ನು ತಂದಿಡುತ್ತಿದೆ ಎಂದು ತೀರ್ಮಾನಿಸಿದೆ. ಕಾರಣ ಸಿಕ್ಕಿದ ಖುಷಿಯಲ್ಲಿ ಅಮ್ಮನಿಗೂ ವಿವರಿಸಿದೆ. ಅವಳು ಹ್ಞೂಂಗುಟ್ಟಿದಳು. ಆ ವ್ಯವಸ್ಥೆಯನ್ನು ನಿಲ್ಲಿಸಿದೆ. ಅನುಮಾನವೇ ಬೇಡವೆಂದು ಎದ್ದು ಹೋಗಿ ವೈಫೈ ಡಬ್ಬಿಯ ಸ್ವಿಚ್ಚನ್ನೇ ಆರಿಸಿ ಬಂದೆ. ಮೂರನೆಯ ಸಲ ಠಪ್ಪಾ ಹೊಡೆದೆ. ಹೊಡೆದು, ಆ ಫೈಲನ್ನು ತೆರೆದು ನೋಡಿದೆ. 50.00 ಎಂದಿತ್ತು. ನನ್ನ ಸಮಾಧಾನಕ್ಕೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ನಿನಿಂದ ಬರೆದೂ ಇಟ್ಟೆ: 50.00, ಮೂರು ಗಂಟೆ ನಲವತ್ತೊಂದು ನಿಮಿಷ. ಆಗಲೂ, ನೋಡಿ, ಆ ಐವತ್ತು ಏನು ಹೇಳುತ್ತಿದೆ ಎಂದು ನನಗೆ ಹೊಳೆಯಲಿಲ್ಲ. ಠಪ್ಪಾ ಬಿದ್ದಿದೆಯೋ ಇಲ್ಲವೋ ಎಂಬುದಷ್ಟೇ ತಲೆಯಲ್ಲಿತ್ತು. ಫೈಲು ಮುಚ್ಚಿ ಓಡಿಸಿದೆ.

ಆ ಒಂಬತ್ತು ನಿಮಿಷ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೀಲಿಮಣೆ ಮುಟ್ಟಲಿಲ್ಲ. ಹಸಿರು ಗೆರೆಗಳು ಒಂದರ ಕೆಳಗೊಂದು ಏರುತ್ತಾ ಹೋದವು. ನಡುವೆ ಜಾಧವ್ ಫೋನ್ ಮಾಡಿದರು, ಎತ್ತಿ ಸ್ಪೀಕರಿಗೆ ಹಾಕಿದೆ. ಅವರು ಆಗಲೇ ಐಸಿಯುವಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರು ನಾಲ್ಕೂವರೆಗೆ ಹೊರಟುಬಿಡುತ್ತಾರೆ, ಅಷ್ಟರೊಳಗೆ ಮೊದಲ ಪಂಪಾದರೂ ಒಳಗೆ ಹೋಗಬೇಕು, ಮೂರನೇ ಹಾಸಿಗೆಗೆ ಎರಡು ಔಷಧ ಒಂದರ ಹಿಂದೊಂದು ಬೇಕಾಗಿದೆ, ಆ ಹಾಸಿಗೆಯವರ ಮಗಳು ಆಗಿನಿಂದ ತಮ್ಮನ್ನೇ ನೋಡುತ್ತಿದ್ದಾಳೆ ಎಂದರು. ಐದು ನಿಮಿಷ ಎಂದೆ. ಅವರು ಲೈನಿನಲ್ಲೇ ಉಳಿದರು. ಹಿನ್ನೆಲೆಯಲ್ಲಿ ಯಾವುದೋ ಯಂತ್ರ ಟುಂಯ್ ಟುಂಯ್ ಎನ್ನುವುದು ಕೇಳಿಸುತ್ತಿತ್ತು.

ಕೊನೆಯ ಗೆರೆ ಬಂತು. ಒಂದು ಕೆಂಪು. ಉಲ್ಹಾಸನಗರ-ಬೆಡ್-ಆರು.

ಈ ಸಲ ಅದರ ಕೆಳಗಿದ್ದ ಎರಡು ಸಾಲುಗಳನ್ನು ಓದಿದೆ. ಫೈಲಿನಲ್ಲಿರುವ ಉತ್ತರ: 7.00. ಭಾಷೆ ಕೊಟ್ಟ ಉತ್ತರ: 50.00.

ಏಳರ ಮುಂದಿನ ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದೆ. ಏಕೆ ಎಂದು ಹೇಳುತ್ತೇನೆ, ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಿ, ಏಕೆಂದರೆ ಇಡೀ ಸಂಗತಿ ಇಲ್ಲೇ ಇದೆ. ಯಾವುದೋ ವ್ಯವಸ್ಥೆ ಹಳೆಯ ಫೈಲನ್ನು ತಂದಿಟ್ಟಿದ್ದರೆ ಅದರಲ್ಲಿ 7.0 ಎಂದಿರಬೇಕಿತ್ತು, ಒಂದೇ ಸೊನ್ನೆ. ಎಷ್ಟೋ ವರ್ಷಗಳಿಂದ ಆ ಫೈಲಿನಲ್ಲಿದ್ದದ್ದು 7.0. ಎರಡು ಸೊನ್ನೆ ಶುರುವಾದದ್ದೇ ಆ ವಾರ, ನನ್ನ ಕೈಯಿಂದ. ನಾನು ಮೂರು ಸಲ ಅಲ್ಲಿ ಬರೆಸಿದ್ದು 50.00. ಎರಡು ಸೊನ್ನೆಯ ಏಳನ್ನು ಆ ಫೈಲಿನಲ್ಲಿ ಯಾರೂ ಯಾವತ್ತೂ ಬರೆದಿರಲಿಲ್ಲ. ಹಳೆಯ ಉತ್ತರ ತಿರುಗಿ ಬಂದದ್ದಲ್ಲ. ಯಾರೋ ಹೊಸ ಪದ್ಧತಿಯನ್ನು ತಿಳಿದುಕೊಂಡು, ಅದಕ್ಕೆ ತಕ್ಕಂತೆ, ಸರಿಯಾದ ಉತ್ತರವನ್ನು ಬರೆದಿಟ್ಟಂತಿತ್ತು.

ಸ್ಪೀಕರಿನಿಂದ ಜಾಧವ್ ಕೇಳಿದರು, ಆಯಿತೇ ಎಂದು. ಒಂದು ಕೆಂಪು ಉಳಿದಿದೆ ಎಂದೆ. ಅವರು ತಗ್ಗಿದ ದನಿಯಲ್ಲಿ, ಬೇಡುವವರ ಹಾಗೆ ಹೇಳಿದರು:

“ಏಕ್ ಹೀ ತೋ ಹೈ ಮ್ಯಾಡಂ. ಛೋಡ್ ದೋ ನಾ.”

ಒಂದೇ ತಾನೇ ಎಂದು ಬಿಟ್ಟುಬಿಡುವುದಕ್ಕೂ ನಮ್ಮಲ್ಲಿ ದಾರಿಯಿದೆ. ತಂಟೆ ಮಾಡುವ ಪ್ರಶ್ನೆಗಳ ಹೆಸರನ್ನು ಬರೆದಿಡುವ ಒಂದು ಪಟ್ಟಿ ಇದೆ. ಅದರಲ್ಲಿ ಹೆಸರು ಬಂದರೆ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ, ಎಲ್ಲವೂ ಹಸಿರಾಗುತ್ತದೆ. ನಾನು ಸುಳ್ಳು ಹೇಳುವುದಿಲ್ಲ, ಆ ಪಟ್ಟಿಯನ್ನು ತೆರೆದೆ. ಉಲ್ಹಾಸನಗರ ಎಂದು ಅರ್ಧ ಟೈಪ್ ಕೂಡ ಮಾಡಿದೆ. ಮೂರನೇ ಹಾಸಿಗೆಯವರ ಮಗಳು ನನ್ನ ಕಣ್ಣ ಮುಂದೆ ಬರುತ್ತಿದ್ದಳು. ಆದರೆ ಆ ಏಳರ ಪಕ್ಕದ ಎರಡು ಸೊನ್ನೆಗಳು ನನ್ನನ್ನು ಬಿಡಲಿಲ್ಲ. ಪಟ್ಟಿಯನ್ನು ಹಾಗೆಯೇ ಬಿಟ್ಟು, ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ, ಆ ಪ್ರಶ್ನೆಯನ್ನು ತೆರೆದು ಓದಿದೆ.

ಹತ್ತೇ ಸಾಲು. ಡಾಕ್ಟರು ಐವತ್ತು ಮಿಲಿಲೀಟರ್ ಕೊಡಲು ಹೇಳಿದ್ದಾರೆ. ನಲವತ್ತಮೂರು ಹೋಗಿದೆ. ಆಗ ಕರೆಂಟ್ ಹೋಗುತ್ತದೆ, ಪಂಪಿನೊಳಗಿನ ಬ್ಯಾಟರಿಯೂ ಕೈಕೊಡುತ್ತದೆ. ಕರೆಂಟ್ ಮರಳಿದಾಗ ಇನ್ನೆಷ್ಟು ಕೊಡಬೇಕು? ಏಳು. ನನ್ನ ಹೊಸ ಬದಲಾವಣೆಯ ನಂತರ ಭಾಷೆ ಹೇಳುತ್ತಿದ್ದದ್ದು ಐವತ್ತು. ಎರಡನೆಯ ಔಷಧಕ್ಕೆ ಜಾಗ ಮಾಡುವ ಭರದಲ್ಲಿ, ಮೊದಲನೆಯದು ಎಷ್ಟು ಹೋಗಿದೆ ಎಂಬ ನೆನಪನ್ನು ನಾನೇ ಅಳಿಸಿಹಾಕಿದ್ದೆ. ಬಾಟಲಿಯಲ್ಲಿ ಔಷಧ ಮಿಕ್ಕಿದ್ದರೆ ಪಂಪು ಮೊದಲಿನಿಂದ ಶುರುಮಾಡಿ ಇನ್ನೊಂದು ಐವತ್ತನ್ನು ರೋಗಿಯ ಮೈಗೆ ಇಳಿಸುತ್ತಿತ್ತು. ಅದಕ್ಕೆ ನಾನು ಮೂರು ಸಲ ಕೈಯಾರೆ ಠಪ್ಪಾ ಹೊಡೆದಿದ್ದೆ.

ಜಾಧವ್‌ಗೆ ಬೇಡ ಎಂದೆ. ಹಳೆಯ ಆವೃತ್ತಿಯೇ ಇರಲಿ, ಯಾವ ಪಂಪನ್ನೂ ಮುಟ್ಟಬೇಡಿ ಎಂದೆ. ಅವರು ಸಿಟ್ಟಾದರು, ಡಾಕ್ಟರಿಗೆ ಏನು ಮುಖ ತೋರಿಸಲಿ ಎಂದರು. ಮೂರನೇ ಹಾಸಿಗೆಗೆ ಎರಡು ಬೇರೆ ಬೇರೆ ಪಂಪು ಹಾಕಲಿ, ಬೈಗುಳ ನನಗೆ ಬರಲಿ ಎಂದೆ. ಫೋನ್ ಇಟ್ಟ ಮೇಲೆ ಅಮ್ಮ ಅಲಸಂದೆಯ ಮೊರವನ್ನು ಬದಿಗಿಟ್ಟು ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ನಾನು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ. ಆ ಒಂಬತ್ತು ನಿಮಿಷ ಕಾಯುತ್ತಾ ಕೂತಿದ್ದಾಗ ನಾನು ಏನಾದರೂ ಟೈಪ್ ಮಾಡಿದೆನಾ?

“ಇಲ್ಲ ಮಾರಾಯ್ತಿ. ಎರಡೂ ಕೈ ಕಟ್ಟಿ ಕೂತಿದ್ದಿ. ನಾನೇ ಗ್ರಹಿಸಿದೆ, ಇವಳಿಗೆ ಇವತ್ತು ಎಂತ ಆಯ್ತು, ಚಾ ಸಹ ಕುಡಿಲಿಲ್ಲ ಅಂತ,” ಎಂದಳು.

ಚಹಾ ನಿಜವಾಗಿಯೂ ಹಾಗೆಯೇ ಕೆನೆಗಟ್ಟಿ ಕೂತಿತ್ತು. ಫೈಲು ಕೊನೆಯ ಸಲ ಬದಲಾದ ಸಮಯವನ್ನು ನೋಡಿದೆ. ಮೂರು ಗಂಟೆ ನಲವತ್ತೊಂದು ನಿಮಿಷ. ಅದು ನಾನು ಠಪ್ಪಾ ಹೊಡೆದ ಸಮಯ, ಕ್ಯಾಲೆಂಡರಿನಲ್ಲಿ ಬರೆದಿಟ್ಟ ಸಮಯ. ಅದರ ನಂತರ ಆ ಫೈಲನ್ನು ಯಾರೂ ಮುಟ್ಟಿರಲಿಲ್ಲ.

ಆ ಸಂಜೆ ಕಲ್ಯಾಣದಲ್ಲಿ ಕರೆಂಟ್ ಹೋಯಿತೇ ಎಂದು ನೀವು ಕೇಳಬಹುದು. ಹೋಯಿತು, ಎರಡು ಸಲ. ಅದರಲ್ಲಿ ವಿಚಿತ್ರವೇನೂ ಇಲ್ಲ. ನಮ್ಮ ಕಡೆ ಕರೆಂಟ್ ಹೋಗದ ಸಂಜೆ ಬಂದರೆ ಅದನ್ನೇ ವಿಚಿತ್ರ ಅನುಭವವೆಂದು ಬರೆಯಬಹುದು. ಮೂರನೇ ಹಾಸಿಗೆಯವರು ಹನ್ನೆರಡು ದಿನದ ಮೇಲೆ ಮನೆಗೆ ಹೋದರಂತೆ. ಜಾಧವ್ ನನ್ನೊಡನೆ ಮಾತು ಬಿಟ್ಟವರು ಅಂದು ತಾವಾಗಿ ಫೋನ್ ಮಾಡಿ ತಿಳಿಸಿದರು.

ಆ ವಾರ ಶ್ರೀಕಂಠ ಸರ್ ಮೈಸೂರಿನಿಂದಲೇ ನನ್ನ ಲ್ಯಾಪ್‌ಟಾಪಿನೊಳಗೆ ಇಳಿದು ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಹುಡುಕಿದರು. ಭಾಷೆಯೇ ಒಮ್ಮೆ ಏಳು, ಒಮ್ಮೆ ಐವತ್ತು ಎಂದು ಚಂಚಲವಾಗಿದ್ದರೆ ಎಲ್ಲಕ್ಕೂ ಉತ್ತರ ಸಿಗುತ್ತಿತ್ತು. ಅದಕ್ಕೆಂದು ಅದೇ ಪ್ರಶ್ನೆಯನ್ನು ಅದೇ ಲ್ಯಾಪ್‌ಟಾಪಿನಲ್ಲಿ ಸಾವಿರ ಸಲ ಓಡಿಸಿದರು. ಸಾವಿರ ಸಲವೂ ಐವತ್ತು. ಡಿಸ್ಕ್ ಸರಿಯಿತ್ತು. ಹೊರಗಿನಿಂದ ಯಾರೂ ಬಂದ ಗುರುತಿರಲಿಲ್ಲ. ದಾಖಲೆಯಲ್ಲಿ ನನ್ನ ಮೊದಲ ಠಪ್ಪಾ ಇತ್ತು: 7.0 ಇದ್ದದ್ದು 50.00 ಆಯಿತು ಎಂದು, ನನ್ನ ಹೆಸರಿನೊಂದಿಗೆ. ಕೊನೆಗೆ ವಿಡಿಯೋ ಕಾಲಿನಲ್ಲಿ ಅವರು ಕನ್ನಡಕ ತೆಗೆದು ಹೇಳಿದರು:

“ನೀವೇ ಟೈಪ್ ಮಾಡಿರ್ತೀರಾ ಕಣಮ್ಮ. ಟೆನ್ಶನ್‌ನಲ್ಲಿ ಕೈ ತಾನಾಗೇ ಹೋಗತ್ತೆ, ಆಮೇಲೆ ನೆನಪಿರಲ್ಲ.”

ಇರಬಹುದು. ನಾನು ಅದನ್ನೇ ನಂಬಲು ಬಹಳ ಪ್ರಯತ್ನಪಟ್ಟೆ. ಆದರೆ ಏಳು ಎಂದು ಬರೆಯಬೇಕಾದರೆ ಏಳು ಸರಿಯೆಂದು ಗೊತ್ತಿರಬೇಕಲ್ಲ? ಆ ಪ್ರಶ್ನೆಯನ್ನು ನಾನು ಅದುವರೆಗೆ ತೆರೆದೇ ಇರಲಿಲ್ಲ. ಅದನ್ನು ಬರೆದದ್ದು ನಾನು ಕೆಲಸಕ್ಕೆ ಸೇರುವ ಮೊದಲು, ಶ್ರೀಕಂಠ ಸರ್ ಅವರೇ.

ಉಲ್ಹಾಸನಗರದ ಆರನೇ ಹಾಸಿಗೆಯಲ್ಲಿ ಏನಾಗಿತ್ತು ಎಂದು ಆಗ ಕೇಳಿದೆ. ಜಿಪ್ಪು ಗುಂಡಿ ಮಾರುವ ಅಂಗಡಿಯವರೊಬ್ಬರು, ಕರೆಂಟ್ ಹೋಗಿ ಬಂದಾಗ ಔಷಧ ಎರಡು ಪಟ್ಟು ಹೋಗಿ ಮೂರು ದಿನ ಎಚ್ಚರವಿಲ್ಲದೆ ಇದ್ದರು, ಆ ದಿನಗಳಲ್ಲಿ ತಾವು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತಿದ್ದುದಾಗಿ ಸರ್ ಹೇಳಿದರು. ಆಮೇಲೆ ಏನಾಯಿತೆಂದು ಅವರು ಹೇಳಲಿಲ್ಲ, ನನಗೂ ಕೇಳುವ ಧೈರ್ಯ ಬರಲಿಲ್ಲ. ನಿಮ್ಮ ಮನಸ್ಸು ಎತ್ತ ಓಡುತ್ತಿದೆ ಎಂದು ನನಗೆ ಗೊತ್ತು. ನನ್ನದೂ ಅತ್ತಲೇ ಓಡಿತು. ಜೀವಮಾನವಿಡೀ ಡಬ್ಬಿಯಲ್ಲಿ ಹೆಂಗಸರನ್ನು ಗೇಲಿ ಮಾಡಿದವಳು, ಒಂದು ಶನಿವಾರ ಮಧ್ಯಾಹ್ನ ಯಾರಿಗೂ ಹೇಳದೆ ಉಲ್ಹಾಸನಗರಕ್ಕೆ ಹೋಗಿ, ನಾಲ್ಕು ಗಲ್ಲಿ ವಿಚಾರಿಸಿ, ಆ ಅಂಗಡಿಯನ್ನು ಹುಡುಕಿದೆ.

ಅವರು ಗಟ್ಟಿಮುಟ್ಟಾಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮೋಸಂಬಿ ತಿನ್ನುತ್ತಿದ್ದರು. ಸತ್ತಿದ್ದರೆ ಒಂದು ಕಥೆಯಾದರೂ ಆಗುತ್ತಿತ್ತು, ಕ್ಷಮಿಸಿ, ಆ ಕ್ಷಣ ನನಗೆ ಹಾಗೆಯೇ ಅನ್ನಿಸಿತು. ಆಸ್ಪತ್ರೆಯ ಮಾತೆತ್ತಿದರೆ ಕೈಬೀಸಿ ತಳ್ಳಿಹಾಕಿದರು. ಅದೆಲ್ಲ ಹಳೆಯ ಕಥೆ, ಮೂರು ದಿನ ನಿದ್ದೆ ಮಾಡಿದೆ, ಎದ್ದೆ. ಇಂಥ ಭಾನುವಾರ ಮಧ್ಯಾಹ್ನ ನಿಮಗೆ ಏನಾದರೂ ಅನ್ನಿಸಿತ್ತೇ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೇಡಂಗೆ ಯಾವ ಬಣ್ಣದ ಜಿಪ್ಪು ಬೇಕೆಂದರು. ಮುಖ ಉಳಿಸಿಕೊಳ್ಳಲು ಒಂದು ಡಜನ್ ಕೊಂಡೆ. ಬೇಡವಾದ ಬಣ್ಣ, ಇಂದಿಗೂ ಡ್ರಾವರಿನಲ್ಲಿವೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಅಮ್ಮ ಹೇಳುವಂತೆ ಊರಿನ ದೈವ ಕೈಹಿಡಿಯಿತು ಎಂದುಕೊಂಡು, ಒಳಗೊಳಗೇ ನಕ್ಕು, ಆರಾಮವಾಗಿ ಇರಬಹುದಿತ್ತು. ಆದರೆ ಅಂದಿನಿಂದ ನನಗೊಂದು ಭಯ ಹಿಡಿಯಿತು. ಏಳು ವರ್ಷದ ನೌಕರಿಯಲ್ಲಿ ನಾನು ಎಷ್ಟು ಸಲ ಓದದೆ ಠಪ್ಪಾ ಹೊಡೆದಿರಬಹುದು? ಎಲ್ಲವೂ ದಾಖಲೆಯಲ್ಲಿದೆ. ಹಳೆಯದನ್ನು ಒಂದೊಂದಾಗಿ ತೆಗೆದು ಓದತೊಡಗಿದೆ. ಹೋಗುವಾಗ ಬರುವಾಗ ರೈಲಿನಲ್ಲಿ, ಮನೆಯಲ್ಲಿ ಅನ್ನ ಬೇಯುವ ಹೊತ್ತಿನಲ್ಲಿ. ನಾಲ್ಕು ತಿಂಗಳು ಹಿಡಿಯಿತು. ಅಲ್ಪವಿರಾಮ, ಚುಕ್ಕಿ, ಸೊನ್ನೆ, ಮತ್ತೆ ಅಲ್ಪವಿರಾಮ.

ದಿವಾ-ಬೆಡ್-ಎರಡು ಸಿಕ್ಕಿದ್ದು ನಾಲ್ಕನೆಯ ತಿಂಗಳಲ್ಲಿ. ನಳಿಕೆಯಲ್ಲಿ ಗಾಳಿಯ ಗುಳ್ಳೆ ಬಂದರೆ ಪಂಪು ನಿಂತು ಗಂಟೆ ಬಾರಿಸಬೇಕು ಎಂಬ ಪ್ರಶ್ನೆ. ಉತ್ತರದ ಫೈಲಿನಲ್ಲಿ ಎರಡು ಸಾಲು ಇದ್ದದ್ದು ಒಂದೇ ಸಾಲಾಗಿತ್ತು. ಪಂಪು ನಿಲ್ಲುತ್ತಿತ್ತು, ಗಂಟೆ ಬಾರಿಸುತ್ತಿರಲಿಲ್ಲ. ಠಪ್ಪಾ ನನ್ನದೇ, ಒಂದು ಶುಕ್ರವಾರ ಸಂಜೆ ಆರೂವರೆಯದು. ಅಂದು ಏನು ಅವಸರವಿತ್ತೋ, ನೆನಪಿಲ್ಲ. ಆ ಆವೃತ್ತಿ ಹನ್ನೊಂದು ತಿಂಗಳು ಆಸ್ಪತ್ರೆಗಳಲ್ಲಿ ಓಡಿತ್ತು. ಆಮೇಲೆ ಬೇರೆ ಯಾರೋ ಬೇರೇನನ್ನೋ ತಿದ್ದುವಾಗ ಅದೂ ತಾನಾಗಿ ಸರಿಹೋಗಿತ್ತು. ಔಷಧ ನಿಂತದ್ದು ಯಾರಿಗೂ ತಿಳಿಯದೆ, ಗಂಟೆಯಿಲ್ಲದೆ, ಆ ಹನ್ನೊಂದು ತಿಂಗಳಲ್ಲಿ ಯಾವ ಹಾಸಿಗೆಯಲ್ಲಿ ಯಾರು ಎಷ್ಟು ಹೊತ್ತು ಹಾಗೆಯೇ ಮಲಗಿದ್ದರೋ. ಶ್ರೀಕಂಠ ಸರ್‌ಗೆ ಬರೆದು ತಿಳಿಸಿದೆ. ಅವರು ಮುಚ್ಚಿಡಲಿಲ್ಲ, ಎಲ್ಲ ಆಸ್ಪತ್ರೆಗಳಿಗೂ ಪತ್ರ ಹೋಯಿತು. ತಮ್ಮ ದಾಖಲೆಯಲ್ಲಿ ಅಂಥದ್ದೇನೂ ಇಲ್ಲವೆಂದು ಇಬ್ಬರು ಬರೆದರು. ಉಳಿದವರು ಉತ್ತರಿಸಲಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮನನ್ನು ಕೇಳಿದೆ. ಕಲ್ಯಾಣದ ಆ ಒಬ್ಬರಿಗಾಗಿ ಮೂರು ಸಲ ಬಂದದ್ದು ದೈವವೇ ಆಗಿದ್ದರೆ, ದಿವಾದ ಸಲ ಒಂದು ಬಾರಿಯಾದರೂ ಏಕೆ ಬರಲಿಲ್ಲ?

ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. “ಅದನ್ನು ನನ್ನ ಹತ್ರ ಕೇಳ್ಬೇಡ ಮಗಾ,” ಎಂದಳು. ಅಂದಿನಿಂದ ಅವಳು ನನ್ನ ಮುಂದೆ ಆ ಭಾನುವಾರದ ಮಾತೆತ್ತಿಲ್ಲ.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ಪ್ರತಿಯೊಂದು ಬದಲಾವಣೆಯನ್ನೂ ಓದುತ್ತೇನೆ, ಇನ್ನೂರಿರಲಿ, ಮುನ್ನೂರಿರಲಿ, ಎಷ್ಟು ರೈಲು ತಪ್ಪಿದರೂ ಸರಿ. ಓದಿ, ಠಪ್ಪಾ ಹೊಡೆದು, ಕೈ ಕಟ್ಟಿಕೊಂಡು ಒಂಬತ್ತು ನಿಮಿಷ ಕಾಯುತ್ತೇನೆ. ನಾಲ್ಕು ವರ್ಷದಲ್ಲಿ ಒಂದು ಉತ್ತರವೂ ತಿರುಗಿ ಬಂದಿಲ್ಲ. ನಾನು ಹೊಡೆದದ್ದೆಲ್ಲ ಸರಿಯಿತ್ತೆಂದು ಬರಲಿಲ್ಲವೋ, ಅಥವಾ ದಿವಾದ ಸಲ ಬಾರದೆ ಹೋದ ಹಾಗೆ ಬಾರದೆ ಹೋಯಿತೋ, ನನಗೆ ಗೊತ್ತಿಲ್ಲ.